ಅಚ್ಚಿನ ಯಂತ್ರ ಅಥೆನ್ಸ್‌ನಲ್ಲಿ, ಅಪ್ಪಣೆ ಫ್ರಾಂಕ್‌ಫರ್ಟ್‌ನಲ್ಲಿ

ಪ್ರಿಯ ಶಿವು,

ಯೂರೋ ನೋಟು ಅಚ್ಚು ಹಾಕುವ ಮುದ್ರಣಾಲಯ ಗ್ರೀಸಿನಲ್ಲೇ ಇದ್ದರೂ 2015ರಲ್ಲಿ ಅಲ್ಲಿನ ಜನ ಎಟಿಎಂ ಮುಂದೆ ಯಾಕೆ ಸಾಲು ನಿಂತರು ಅಂತ ಕೇಳಿದ್ದೆಯಲ್ಲ, ಯೂರೋ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಅದು. ಅಥೆನ್ಸ್ ಹೊರವಲಯದ ಹಲಾಂದ್ರಿಯಲ್ಲಿ ಮುದ್ರಣಾಲಯ ಇರುವುದು ನಿಜ. ಆದರೆ ಎಷ್ಟು ನೋಟು ಹೊರಬರಬೇಕು ಅನ್ನುವ ಅಪ್ಪಣೆ ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನದು (ಇಸಿಬಿ). 2001ರಲ್ಲಿ ತನ್ನ ಹಳೆಯ ನಾಣ್ಯ ಡ್ರಾಕ್ಮಾ ಬಿಟ್ಟು, 340.75 ಡ್ರಾಕ್ಮಾಗೆ ಒಂದು ಯೂರೋ ಲೆಕ್ಕದಲ್ಲಿ ಯೂರೋ ಒಳಗೆ ಬಂದಾಗಲೇ ಗ್ರೀಸ್ ಆ ಅಧಿಕಾರ ಬಿಟ್ಟುಕೊಟ್ಟಿತ್ತು.

ಅಚ್ಚಿಗಿಂತ ಮುಖ್ಯವಾದದ್ದು ಅಡಮಾನ. ಠೇವಣಿದಾರರು ಒಟ್ಟಾಗಿ ಸಾವಿರ ಯೂರೋ ನಗದು ತೆಗೆದರು ಅಂದುಕೋ. ಬ್ಯಾಂಕು ಆ ನಗದನ್ನು ಕೇಂದ್ರ ಬ್ಯಾಂಕಿನಿಂದ ಸಾಲವಾಗಿ ತರಬೇಕು, ಅದಕ್ಕೆ ಸಾಲಪತ್ರವನ್ನೋ ಮನೆಸಾಲದ ಕಟ್ಟನ್ನೋ ಒತ್ತೆ ಇಡಬೇಕು. ಒತ್ತೆಯ ಪೂರ್ತಿ ಬೆಲೆಗೆ ಸಾಲ ಸಿಗುವುದಿಲ್ಲ. ಅರ್ಧ ಬೆಲೆ ಕಳೆದರೆ ಸಾವಿರಕ್ಕೆ ಎರಡು ಸಾವಿರದ ಪತ್ರ ಬೇಕು. ಅದೇ ಹಣವನ್ನು ಜರ್ಮನಿಯ ಖಾತೆಗೆ ಕಳಿಸಿದರೂ ಕಥೆ ಇದೇ: ನೋಟು ಕದಲುವುದಿಲ್ಲ, ಯೂರೋ ದೇಶಗಳ ಕೇಂದ್ರ ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆಯಲ್ಲಿ (2015ರಲ್ಲಿ ಅದರ ಹೆಸರು ಟಾರ್ಗೆಟ್-2) ಗ್ರೀಸ್ ಕೇಂದ್ರ ಬ್ಯಾಂಕಿನ ಬಾಕಿ ಏರುತ್ತದೆ.

ಈಗ 2015ಕ್ಕೆ ಬಾ. ಫೆಬ್ರವರಿ 4ರಂದು, ಗ್ರೀಕ್ ಸರ್ಕಾರಿ ಸಾಲಪತ್ರವನ್ನು ಇನ್ನು ಒತ್ತೆಯಾಗಿ ಒಪ್ಪುವುದಿಲ್ಲ ಎಂದು ಇಸಿಬಿ ಹೇಳಿತು. ಬ್ಯಾಂಕುಗಳಿಗೆ ಉಳಿದ ಮುಖ್ಯ ದಾರಿ ಇಎಲ್‌ಎ ಎಂಬ, ಗ್ರೀಸ್ ಕೇಂದ್ರ ಬ್ಯಾಂಕು ಕೊಡುವ ತುರ್ತು ಸಾಲ. ಬಡ್ಡಿ ಹೆಚ್ಚು, ನಷ್ಟವಾದರೆ ಹೊಣೆ ಗ್ರೀಸ್ ಕೇಂದ್ರ ಬ್ಯಾಂಕಿನದೇ. ಆದರೂ ಇಸಿಬಿ ಆಡಳಿತ ಮಂಡಳಿಯ ಮೂರನೇ ಎರಡರಷ್ಟು ಮತ ಬಿದ್ದರೆ ಅದನ್ನು ತಡೆಯಬಹುದು. ಅಷ್ಟರಲ್ಲಿ ಜನ ಹೆದರಿ, ಏಳೆಂಟು ತಿಂಗಳಲ್ಲಿ ಸುಮಾರು 40 ಬಿಲಿಯನ್ ಯೂರೋ ಠೇವಣಿ ಹೊರಗೆ ಹೋಯಿತು. ಜೂನ್ 28ರ ಭಾನುವಾರ ಇಎಲ್‌ಎ ಮಿತಿಯನ್ನು ಸುಮಾರು 89 ಬಿಲಿಯನ್‌ಗೇ ನಿಲ್ಲಿಸಿದರು. ಮಾರನೇ ದಿನ ಬ್ಯಾಂಕು ಬಾಗಿಲು ತೆರೆಯಲಿಲ್ಲ.

ದಿನಕ್ಕೆ ಒಂದು ಕಾರ್ಡಿಗೆ 60 ಯೂರೋ. 20ರ ನೋಟು ಮುಗಿದ ಯಂತ್ರಗಳಲ್ಲಿ ಸಿಗುತ್ತಿದ್ದದ್ದು 50 ಮಾತ್ರ. ಕಾರ್ಡಿಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆ ತೆರೆದು ತಲಾ 120 ಕೊಟ್ಟರು. ಆದರೆ ದೇಶದೊಳಗೆ ಕಾರ್ಡ್ ಉಜ್ಜಿ ಸಾಮಾನು ಕೊಳ್ಳಲು ಮಿತಿಯೇ ಇರಲಿಲ್ಲ. ಯಾಕೆ ಗೊತ್ತಾ? ಆ ಹಣ ಒಂದು ಗ್ರೀಕ್ ಬ್ಯಾಂಕಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಹೊಸ ಒತ್ತೆ ಬೇಡ. ಏಟು ಬಿದ್ದದ್ದು ಆಮದಿನವರಿಗೆ: ಹೊರದೇಶಕ್ಕೆ ಹಣ ಕಳಿಸಲು ಸಮಿತಿಯ ಒಪ್ಪಿಗೆ ಬೇಕು, ಅಲ್ಲಿನ ಮಾರಾಟಗಾರ ಮೊದಲು ದುಡ್ಡು ಇಡು ಅನ್ನುತ್ತಾನೆ.

ಇಸಿಬಿಯ ವಾದವನ್ನೂ ಹೇಳಬೇಕು. ತುರ್ತು ಸಾಲ ಇರುವುದು ಗಟ್ಟಿ ಬ್ಯಾಂಕುಗಳಿಗೆ ಮಾತ್ರ. ಯೂರೋ ದೇಶಗಳು ಷರತ್ತು ಹಾಕಿ ಗ್ರೀಸಿಗೆ ಸಾಲ ಕೊಡುತ್ತಿದ್ದ ನೆರವಿನ ಒಪ್ಪಂದ ಜೂನ್ 30ಕ್ಕೆ ಮುಗಿಯುತ್ತಿತ್ತು, ಸರ್ಕಾರವೇ ದಿವಾಳಿಯಾದರೆ ಅದರ ಖಾತರಿಯ ಮೇಲೆ ನಿಂತ ಒತ್ತೆಗೆ ಬೆಲೆ ಏನು? ಸರಿ. ಆದರೆ ತುರ್ತು ಸಾಲ ನಿಂತರೆ ಯಾವ ಬ್ಯಾಂಕೂ ಗಟ್ಟಿಯಾಗಿ ಉಳಿಯುವುದಿಲ್ಲ. ಹಾಗಾಗಿ ಅದು ಬರೀ ಲೆಕ್ಕಪತ್ರದ ತೀರ್ಮಾನವಾಗಿರಲಿಲ್ಲ, ರಾಜಕೀಯ ತೀರ್ಮಾನವೂ ಆಗಿತ್ತು. ಜುಲೈ 5ರ ಜನಮತದಲ್ಲಿ ಶೇ 61ರಷ್ಟು ಜನ ಸಾಲದಾತರ ಷರತ್ತು ಬೇಡವೆಂದರು. 13ರಂದು ಪ್ರಧಾನಿ ಸಿಪ್ರಾಸ್ ಸರ್ಕಾರ ಷರತ್ತಿಗೆ ಒಪ್ಪಿತು. 16ರಂದು ಇಎಲ್‌ಎ 900 ಮಿಲಿಯನ್ ಏರಿತು, 20ರಂದು ಬ್ಯಾಂಕು ತೆರೆಯಿತು. ಈ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾರೂ ಚುನಾಯಿಸದ ಮಂಡಳಿಯ ಕೈಗೆ ಇಷ್ಟು ದೊಡ್ಡ ತೀರ್ಮಾನ ಬಿಡಬಾರದಿತ್ತು.

ಡ್ರಾಕ್ಮಾ ಇದ್ದಿದ್ದರೆ ನಾಣ್ಯದ ಬೆಲೆ ಬೀಳುತ್ತಿತ್ತು, ಪೆಟ್ರೋಲು ತುಟ್ಟಿಯಾಗುತ್ತಿತ್ತು, ನೋವು ಎಲ್ಲರಿಗೂ ಹಂಚಿಹೋಗುತ್ತಿತ್ತು. ಯೂರೋದಲ್ಲಿ ಆ ದಾರಿ ಇಲ್ಲ, ಕೂಲಿಯನ್ನೇ ಇಳಿಸಬೇಕು. 2012ರಲ್ಲಿ ಕನಿಷ್ಠ ವೇತನ ತಿಂಗಳಿಗೆ 751ರಿಂದ 586 ಯೂರೋಗೆ ಇಳಿಯಿತು. ಕೂಲಿ ಇಳಿದರೂ ಮನೆಸಾಲದ ಕಂತು ಇಳಿಯುವುದಿಲ್ಲ, ಕೆಟ್ಟ ಸಾಲ ಬ್ಯಾಂಕಿಗೇ ಮರಳುತ್ತದೆ.

ಕರ್ನಾಟಕಕ್ಕೂ ಬಿಹಾರಕ್ಕೂ ಒಂದೇ ರೂಪಾಯಿ ಅಲ್ಲವೇ ಅನ್ನಬಹುದು ನೀನು. ಹೌದು. ಆದರೆ ಇಲ್ಲಿ ಒಂದು ಕೇಂದ್ರ ಬೊಕ್ಕಸವಿದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲನ್ನು 15ನೇ ಹಣಕಾಸು ಆಯೋಗ ಶೇ 4.713ರಿಂದ 3.647ಕ್ಕೆ ಇಳಿಸಿದಾಗ ನಾವು ಜಗಳ ತೆಗೆದದ್ದು ಆ ಬೊಕ್ಕಸದ ಎದುರಿಗೇ. ಯುರೋಪಿಯನ್ ಒಕ್ಕೂಟದ ಬಜೆಟ್ಟು ಸದಸ್ಯ ದೇಶಗಳ ಒಟ್ಟು ಆದಾಯದ ಶೇ 1ರ ಆಸುಪಾಸು, ಅದರಿಂದ ಮುಳುಗುವ ದೇಶವನ್ನು ಎತ್ತಲಾಗುವುದಿಲ್ಲ.

ದೊಡ್ಡ ಬ್ಯಾಂಕುಗಳ ಮೇಲ್ವಿಚಾರಣೆ 2014ರಿಂದಲೇ ಫ್ರಾಂಕ್‌ಫರ್ಟ್‌ಗೆ ಹೋಗಿದೆ. ಎಲ್ಲ ದೇಶಗಳಿಗೂ ಸೇರಿದ ಠೇವಣಿ ವಿಮೆಯನ್ನು ಯುರೋಪಿಯನ್ ಕಮಿಷನ್ 2015ರ ನವೆಂಬರಿನಲ್ಲಿ ಮುಂದಿಟ್ಟಿತು, ಅದು ಕಾನೂನಾಗಿಲ್ಲ. 2026ರ ಜನವರಿ 1ರಂದು ಬಲ್ಗೇರಿಯಾ ಯೂರೋಗೆ ಬಂತು. ಅದರ ರಾಜಧಾನಿ ಸೋಫಿಯಾದ ಠೇವಣಿದಾರನ ಒಂದು ಲಕ್ಷ ಯೂರೋವರೆಗಿನ ಹಣಕ್ಕೆ ಖಾತರಿ ಕೊಡುವುದು ಇವತ್ತಿಗೂ ಬಲ್ಗೇರಿಯಾದ ಸ್ವಂತ ನಿಧಿಯೇ.

ನಿನ್ನ,
ರಾಘು