ಕಥೆ ಬರೆದವರ ಹೆಸರೂ ಇರಲಿ

ಮಾನ್ಯರೇ,

ಹಳೆಯ ಭಯಾನಕ ಚಿತ್ರಗಳ ಕುರಿತ ಬರಹಗಳಲ್ಲಿ ನಟರು, ನಿರ್ದೇಶಕರು, ಮೇಕಪ್ ಮಾಡಿದವರು ಎಲ್ಲರ ಹೆಸರೂ ಇರುತ್ತದೆ. ಕಥೆ ಬರೆದವರ ಹೆಸರು ಕಾಣುವುದು ಅಪರೂಪ. 1941ರ ‘ದಿ ವುಲ್ಫ್ ಮ್ಯಾನ್’ ಬರೆದ ಕರ್ಟ್ ಸಿಯೊಡ್ಮಾಕ್ ಅವರನ್ನೇ ನೋಡಿ. 1902ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಈ ಯಹೂದಿ ಲೇಖಕರು ನಾಜಿಗಳ ಕಾಟಕ್ಕೆ ದೇಶ ಬಿಟ್ಟು, ಇಂಗ್ಲೆಂಡ್ ಹಾದು ಹಾಲಿವುಡ್ ಸೇರಿದರು. ಅವರ ಚಿತ್ರದ ತೋಳಮಾನವನಿಗೆ ತನ್ನ ಮುಂದಿನ ಬಲಿಯ ಅಂಗೈಯಲ್ಲಿ ನಕ್ಷತ್ರವೊಂದು ಕಾಣಿಸುತ್ತದೆ. ಜರ್ಮನಿಯಲ್ಲಿ ಯಹೂದಿಗಳ ಎದೆಗೆ ಹಳದಿ ನಕ್ಷತ್ರ ಹೊಲಿಸಿದ ವರ್ಷವೂ ಅದೇ 1941! ಕೊನೆಗೆ ಗುರುತು ಸಿಗದೆ ಹೆತ್ತ ತಂದೆಯೇ ಬೆಳ್ಳಿ ಹಿಡಿಯ ಊರುಗೋಲಿನಿಂದ ಮಗನನ್ನು ಹೊಡೆದು ಕೊಲ್ಲುತ್ತಾನೆ. ಇಷ್ಟು ಸಂಕಟವಿರುವ ಕಥೆಯನ್ನು ಬರೀ ಹೆದರಿಸುವ ಸಿನಿಮಾ ಎಂದು ತಳ್ಳಿಹಾಕುವುದು ಅನ್ಯಾಯ. ಅದರಲ್ಲಿ ಬರುವ ಪದ್ಯವನ್ನು ಎಷ್ಟೋ ಜನ ಹಳೆಯ ಜನಪದ ನುಡಿಯೆಂದೇ ನಂಬಿದ್ದರು. ಅದೂ ಸಿಯೊಡ್ಮಾಕ್ ಅವರದೇ ರಚನೆ. 2000ದಲ್ಲಿ ಅವರು ತೀರಿಕೊಂಡರು.

ನಿಮ್ಮ ಸಿನಿಮಾ ಪುರವಣಿಯ ವಿಮರ್ಶೆಗಳ ಜೊತೆ ಕೊಡುವ ತಾರಾಗಣದ ಪಟ್ಟಿಯಲ್ಲಿ ಚಿತ್ರಕಥೆ ಬರೆದವರ ಹೆಸರನ್ನೂ ತಪ್ಪದೆ ಮುದ್ರಿಸಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು