ಉರುಗ್ವೆಯದ್ದು ಪವಾಡ ಅಲ್ಲ, ಸಂಪಾದಕರೇ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾ ಪುಟದಲ್ಲಿ ಉರುಗ್ವೆ ಫುಟ್‌ಬಾಲ್ ತಂಡದ ಬಗ್ಗೆ ಬಂದ ಬರಹ ಓದಿದೆ. ಖುಷಿಯಾಯಿತು. ದಕ್ಷಿಣ ಅಮೆರಿಕ ಅಂದ ಕೂಡಲೇ ಬ್ರೆಜಿಲ್, ಅರ್ಜೆಂಟೀನಾ ಅಂತ ಬರೆದು ಮುಗಿಸುವವರೇ ಜಾಸ್ತಿ, ನೀವು ಹಾಗೆ ಮಾಡಲಿಲ್ಲ. ಆದರೆ ಆ ಬರಹದಲ್ಲಿ ‘ಪವಾಡ’ ಅನ್ನುವ ಪದ ಮತ್ತೆ ಮತ್ತೆ ಬಂತು. ಸುಮಾರು 35 ಲಕ್ಷ ಜನರ ದೇಶ ಎರಡು ಸಲ ವಿಶ್ವಕಪ್ ಗೆದ್ದದ್ದು ಪವಾಡ, 1950ರಲ್ಲಿ ಬ್ರೆಜಿಲನ್ನು ಅವರ ಅಂಗಳದಲ್ಲೇ ಸೋಲಿಸಿದ್ದು ಪವಾಡ, ಆಟಗಾರರ ಕೆಚ್ಚೂ ಪವಾಡ. ಈ ಪದದ ಬಗ್ಗೆ ನನಗೆ ತಕರಾರಿದೆ. ಪವಾಡ ಅಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು, ಅದರ ಹಿಂದೆ ಯಾರು ಏನು ಮಾಡಿದರು ಅಂತ ಯಾರೂ ಕೇಳುವುದಿಲ್ಲ. ಉರುಗ್ವೆಯವರು ಮಾಡಿದ್ದು ಕೆಲಸ. ಆ ಕೆಲಸ ನಿಂತಾಗ ತಂಡ ಬಿತ್ತು, ಮತ್ತೆ ಶುರುವಾದಾಗ ತಂಡ ಎದ್ದಿತು. ನೂರು ವರ್ಷದ ಕಥೆಯಲ್ಲಿ ನನಗೆ ಕಾಣುವುದು ಇದೇ.

ಮೊದಲಿಂದ ಹೇಳುತ್ತೇನೆ. ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊಗೆ ಫುಟ್‌ಬಾಲ್ ತಂದವರು ಬ್ರಿಟಿಷರು, ಅಲ್ಲಿನ ಇಂಗ್ಲಿಷ್ ಶಾಲೆಗಳವರು ಮತ್ತು ರೈಲ್ವೆ ಕಂಪನಿಯವರು. 1891ರಲ್ಲಿ ರೈಲ್ವೆಯವರು ಕಟ್ಟಿದ ಕ್ಲಬ್ಬೇ ಮುಂದೆ ಪೆನ್ಯರೋಲ್ ಆಯಿತು. 1899ರಲ್ಲಿ ಸ್ಥಳೀಯ ಹುಡುಗರು ನಾಸಿಯೊನಾಲ್ ಕಟ್ಟಿದರು. ಆದರೆ ಆಟ ದೊಡ್ಡವರ ಕ್ಲಬ್ಬುಗಳಲ್ಲೇ ಉಳಿಯಲಿಲ್ಲ. 1911ರಲ್ಲಿ ಸರ್ಕಾರ ದೈಹಿಕ ಶಿಕ್ಷಣಕ್ಕೆಂದೇ ಒಂದು ರಾಷ್ಟ್ರೀಯ ಆಯೋಗ ಮಾಡಿತು, ಸಾರ್ವಜನಿಕ ಆಟದ ಮೈದಾನಗಳನ್ನು ಮಾಡಿಸಿತು. ಬಡವರ ಮಕ್ಕಳಿಗೆ ಆಡೋಕೆ ಜಾಗ ಸಿಕ್ಕಿತು, ಅಷ್ಟೇ. ಇದೇನು ದೊಡ್ಡ ವಿಷಯ ಅನ್ನಿಸಬಹುದು, ನನ್ನ ಪ್ರಕಾರ ಇದೇ ದೊಡ್ಡ ವಿಷಯ.

ಇನ್ನೊಂದು ಬಾಗಿಲೂ ತೆರೆದಿತ್ತು. 1916ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮೊದಲ ದಕ್ಷಿಣ ಅಮೆರಿಕ ಚಾಂಪಿಯನ್‌ಶಿಪ್ ನಡೆಯಿತು, ಈಗ ನಾವು ಕೋಪಾ ಅಮೆರಿಕ ಅನ್ನುತ್ತೇವಲ್ಲ, ಅದೇ. ಉರುಗ್ವೆ ಚಿಲಿಯನ್ನು 4-0ಯಿಂದ ಹೊಡೆಯಿತು. ಅದರಲ್ಲಿ ಎರಡು ಗೋಲು ಇಸಬೆಲಿನೊ ಗ್ರಾದಿನ್ ಅವರದ್ದು. ಗ್ರಾದಿನ್ ಕಪ್ಪು ಜನಾಂಗದವರು, ಅದೇ ತಂಡದ ಹುವಾನ್ ಡೆಲ್ಗಾಡೊ ಕೂಡ. ಉರುಗ್ವೆ ‘ಆಫ್ರಿಕನ್ನರನ್ನು’ ಆಡಿಸಿತು, ಹಾಗಾಗಿ ಈ ಗೆಲುವು ಲೆಕ್ಕಕ್ಕಿಲ್ಲ ಅಂತ ಚಿಲಿಯವರು ದೂರು ಕೊಟ್ಟರು. ದೂರು ನಿಲ್ಲಲಿಲ್ಲ. ಉರುಗ್ವೆ ಕಪ್ ಗೆದ್ದಿತು, ಗ್ರಾದಿನ್ ಟೂರ್ನಿಯಲ್ಲೇ ಅತಿ ಹೆಚ್ಚು ಗೋಲು ಹೊಡೆದರು. ಬೇರೆಯವರು ಬಣ್ಣ ನೋಡುತ್ತಿದ್ದ ಕಾಲದಲ್ಲಿ ಇವರು ಆಟ ನೋಡಿದರು.

1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೊರಟಾಗ ಯುರೋಪಿನಲ್ಲಿ ಇವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹಡಗಿನಲ್ಲಿ ಹೋಗಿ ಇಳಿದವರು ಮೊದಲು ಸ್ಪೇನ್‌ನಲ್ಲಿ ಒಂಬತ್ತು ಪಂದ್ಯ ಆಡಿದರು, ಒಂಬತ್ತನ್ನೂ ಗೆದ್ದರು. ನಾಯಕ ಹೊಸೆ ನಸಾಸಿ ಅಮೃತಶಿಲೆ ಕೊರೆಯುವ ಕೆಲಸ ಮಾಡುತ್ತಿದ್ದವರು. ಪ್ಯಾರಿಸ್‌ನಲ್ಲಿ ಯುಗೊಸ್ಲಾವಿಯಕ್ಕೆ ಏಳು ಗೋಲು, ಫ್ರಾನ್ಸ್‌ಗೆ ಐದು, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್‌ಗೆ ಮೂರು. ಉದ್ದುದ್ದ ಒದ್ದು ಹಿಂದೆ ಓಡುವ ಆಟವಲ್ಲ ಇವರದ್ದು, ಚಿಕ್ಕ ಚಿಕ್ಕ ಪಾಸ್‌ಗಳ ಆಟ. ಹೊಸೆ ಲಿಯಾಂಡ್ರೊ ಅಂದ್ರಾದೆ ಅವರನ್ನು ನೋಡಿ ಪ್ಯಾರಿಸ್ ಮರುಳಾಯಿತು. ಗೆದ್ದ ಮೇಲೆ ಜನರಿಗೆ ಕೈಬೀಸುತ್ತಾ ಮೈದಾನ ಸುತ್ತಿದರು ನೋಡಿ, ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಇವತ್ತಿಗೂ ಗೆದ್ದ ತಂಡದ ಆ ಸುತ್ತನ್ನು ‘ಒಲಿಂಪಿಕ್ ಸುತ್ತು’ ಅಂತಲೇ ಕರೆಯುತ್ತಾರೆ. 1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲೂ ಚಿನ್ನ ಇವರದ್ದೇ. ವಿಶ್ವಕಪ್ ಇನ್ನೂ ಶುರುವಾಗದ ಕಾಲದಲ್ಲಿ ಜಗತ್ತಿನ ದೊಡ್ಡ ಟೂರ್ನಿ ಅಂದರೆ ಒಲಿಂಪಿಕ್ಸೇ. ಅದಕ್ಕೇ ಅವರ ಅಂಗಿಯ ಮೇಲೆ ನಾಲ್ಕು ನಕ್ಷತ್ರ ಇರುವುದು. ಎರಡು ವಿಶ್ವಕಪ್, ಎರಡು ಒಲಿಂಪಿಕ್ಸ್.

1930ರ ಮೊದಲ ವಿಶ್ವಕಪ್ಪನ್ನು ಅವರೇ ನಡೆಸಿದರು. ದೇಶದ ಮೊದಲ ಸಂವಿಧಾನಕ್ಕೆ ನೂರು ವರ್ಷ ತುಂಬಿತ್ತು, ಆ ನೆನಪಿಗೆ ಸೆಂಟೆನಾರಿಯೊ ಕ್ರೀಡಾಂಗಣ ಕಟ್ಟಿದರು, ಟೂರ್ನಿ ಶುರುವಾದಾಗ ಕೆಲಸ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಮೊದಲ ಪಂದ್ಯಗಳು ಬೇರೆ ಮೈದಾನಗಳಲ್ಲಿ ನಡೆದವು. ಯುರೋಪಿನಿಂದ ಬಂದದ್ದು ನಾಲ್ಕೇ ತಂಡ. ಜುಲೈ 30ರ ಫೈನಲ್‌ನಲ್ಲಿ ಅರ್ಜೆಂಟೀನಾ ಎದುರು. ಯಾರ ಚೆಂಡಿನಲ್ಲಿ ಆಡುವುದು ಅಂತಲೇ ಜಗಳವಾಗಿ, ಕೊನೆಗೆ ಮೊದಲರ್ಧ ಅವರ ಚೆಂಡು, ಎರಡನೇ ಅರ್ಧ ಇವರ ಚೆಂಡು ಅಂತ ತೀರ್ಮಾನವಾಯಿತು. ಮೊದಲರ್ಧದಲ್ಲಿ 1-2 ಹಿಂದಿದ್ದ ಉರುಗ್ವೆ 4-2ಕ್ಕೆ ಗೆದ್ದಿತು. ಕೊನೆಯ ಗೋಲು ಹೆಕ್ಟರ್ ಕಾಸ್ಟ್ರೊ ಅವರದ್ದು. ಹುಡುಗನಾಗಿದ್ದಾಗ ಕೆಲಸ ಮಾಡುವಾಗ ವಿದ್ಯುತ್ ಗರಗಸಕ್ಕೆ ಸಿಕ್ಕಿ ಬಲಗೈ ಮೊಣಕೈಯಿಂದ ಕೆಳಗೆ ಹೋಗಿತ್ತು ಅವರಿಗೆ. ಸೆಂಟೆನಾರಿಯೊದ ಮೊತ್ತಮೊದಲ ಗೋಲನ್ನು ಹೊಡೆದವರೂ ಅವರೇ.

ಈಗ 1950. ನಿಮ್ಮ ಬರಹಗಾರರು ‘ಪವಾಡ’ ಅಂತ ಜಾಸ್ತಿ ಬರೆದದ್ದು ಇಲ್ಲೇ. ಹಾಗಾಗಿ ನಾನೂ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಜುಲೈ 16, ವಿಶ್ವಕಪ್‌ನ ನಿರ್ಣಾಯಕ ಪಂದ್ಯ, ರಿಯೊದ ಮರಕನಾ ಕ್ರೀಡಾಂಗಣ. ಟಿಕೆಟ್ ಲೆಕ್ಕದಲ್ಲೇ 1,73,850 ಜನ. ಅಂಕಗಳ ಲೆಕ್ಕದಲ್ಲಿ ಮುಂದಿದ್ದ ಬ್ರೆಜಿಲ್‌ಗೆ ಡ್ರಾ ಆದರೂ ಸಾಕು, ಕಪ್ ಅವರದ್ದೇ. ಎರಡನೇ ಅರ್ಧ ಶುರುವಾದ ಎರಡೇ ನಿಮಿಷಕ್ಕೆ ಬ್ರೆಜಿಲ್‌ನ ಫ್ರಿಯಾಸಾ ಗೋಲು ಹೊಡೆದರು. ಇಡೀ ಮೈದಾನ ಕುಣಿಯಿತು. ಆಗ ಉರುಗ್ವೆ ನಾಯಕ ಒಬ್ದುಲಿಯೊ ವರೇಲಾ ಬಲೆಯಿಂದ ಚೆಂಡು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಓಡಲಿಲ್ಲ. ಮೆಲ್ಲಗೆ ನಡೆದು ಹೋಗಿ ಲೈನ್ಸ್‌ಮನ್ ಜೊತೆ ಆಫ್‌ಸೈಡ್ ಅಂತ ವಾದಕ್ಕೆ ನಿಂತರು, ಆಮೇಲೆ ಇಂಗ್ಲೆಂಡಿನ ರೆಫರಿ ಜಾರ್ಜ್ ರೀಡರ್ ಜೊತೆ. ಒಬ್ಬರದ್ದು ಸ್ಪ್ಯಾನಿಷ್, ಒಬ್ಬರದ್ದು ಇಂಗ್ಲಿಷ್. ಗೋಲು ರದ್ದಾಗಲ್ಲ ಅಂತ ವರೇಲಾಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬೇಕಿದ್ದದ್ದು ಸಮಯ. ಜನರ ಕೂಗು ಇಳಿಯಬೇಕಿತ್ತು, ತನ್ನ ಹುಡುಗರ ಉಸಿರು ಹದಕ್ಕೆ ಬರಬೇಕಿತ್ತು. ಇದು ಪವಾಡವಾ? ತಲೆ ಓಡಿಸಿದ್ದು ಅಲ್ವಾ?

ಆಮೇಲಿನದ್ದನ್ನೂ ನೋಡಿ. 66ನೇ ನಿಮಿಷದಲ್ಲಿ ಬಲಗಡೆಯಿಂದ ಆಲ್ಸಿಡೆಸ್ ಗಿಜ್ಜಿಯಾ ಓಡಿ ಬಂದು ಒಳಗೆ ಪಾಸ್ ಕೊಟ್ಟರು, ಸ್ಕಿಯಾಫಿನೊ ಗೋಲು. 79ನೇ ನಿಮಿಷದಲ್ಲಿ ಅದೇ ಬಲಗಡೆ, ಅದೇ ಗಿಜ್ಜಿಯಾ, ಅದೇ ಓಟ. ಈ ಸಲವೂ ಒಳಗೇ ಕೊಡುತ್ತಾರೆ ಅಂದುಕೊಂಡು ಗೋಲ್‌ಕೀಪರ್ ಬಾರ್ಬೋಸಾ ಕಂಬ ಬಿಟ್ಟು ಒಂದು ಹೆಜ್ಜೆ ಸರಿದರು. ಅಷ್ಟೇ ಸಂದು ಸಾಕಾಯಿತು, ಚೆಂಡು ಕಂಬಕ್ಕೂ ಅವರಿಗೂ ನಡುವೆ ನುಗ್ಗಿತು. ಮೊದಲ ಗೋಲೇ ಎರಡನೇ ಗೋಲಿಗೆ ದಾರಿ ಮಾಡಿಕೊಟ್ಟಿತ್ತು. ಪಾಪ, ಬಾರ್ಬೋಸಾ ಬದುಕಿಡೀ ಆ ಒಂದು ಹೆಜ್ಜೆಯ ಬೈಗುಳ ಹೊತ್ತುಕೊಂಡೇ ಇದ್ದರು, ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಗಿಜ್ಜಿಯಾ ತೀರಿಕೊಂಡದ್ದು 2015ರ ಜುಲೈ 16ರಂದು, ಆ ಗೋಲಿಗೆ ಸರಿಯಾಗಿ 65 ವರ್ಷ ತುಂಬಿದ ದಿನ.

ವರೇಲಾ ಬಗ್ಗೆ ಇನ್ನೊಂದು ಮಾತು. ಈ ಪಂದ್ಯಕ್ಕೆ ಎರಡು ವರ್ಷ ಮುಂಚೆ, 1948ರಲ್ಲಿ, ಉರುಗ್ವೆಯ ಆಟಗಾರರು ತಮ್ಮ ಹಕ್ಕಿಗಾಗಿ ತಿಂಗಳುಗಟ್ಟಲೆ ಮುಷ್ಕರ ಮಾಡಿದರು. ಅದರ ಮುಂದಾಳು ಇದೇ ವರೇಲಾ. ಮರಕನಾದಲ್ಲಿ ತಂಡ ಅವರ ಮಾತು ಕೇಳಿದ್ದು ಸುಮ್ನೆ ಅಲ್ಲ. ವಿಶ್ವಕಪ್‌ನಲ್ಲಿ ಅವರು ಆಡಿದ ಒಂದು ಪಂದ್ಯವನ್ನೂ ಉರುಗ್ವೆ ಸೋಲಲಿಲ್ಲ. 1954ರ ಸೆಮಿಫೈನಲ್‌ನಲ್ಲಿ ಹಂಗೇರಿ ಎದುರು ತಂಡ ವಿಶ್ವಕಪ್‌ನಲ್ಲಿ ಮೊದಲ ಸಲ ಸೋತಾಗ ಅವರು ಗಾಯಗೊಂಡು ಹೊರಗಿದ್ದರು.

ಅಲ್ಲಿಂದ ಇಳಿಜಾರು. ದುಡ್ಡು ಯುರೋಪಿನಲ್ಲಿತ್ತು. ಗಿಜ್ಜಿಯಾ ರೋಮಾಕ್ಕೆ ಹೋದರು, ಸ್ಕಿಯಾಫಿನೊ ಮಿಲಾನ್‌ಗೆ ಹೋದರು, ಇಬ್ಬರೂ ಮುಂದೆ ಇಟಲಿ ಪರವಾಗಿಯೇ ಆಡಿದರು. ಸಾಂತಾಮರಿಯಾ ರಿಯಲ್ ಮ್ಯಾಡ್ರಿಡ್ ಸೇರಿ 1962ರ ವಿಶ್ವಕಪ್‌ನಲ್ಲಿ ಸ್ಪೇನ್‌ಗೆ ಆಡಿದರು. 1957ರ ಅರ್ಹತಾ ಪಂದ್ಯದಲ್ಲಿ ಪರಾಗ್ವೆ ಕೈಯಲ್ಲಿ 5-0 ಸೋತು ಉರುಗ್ವೆ 1958ರ ವಿಶ್ವಕಪ್‌ಗೆ ಹೋಗಲೇ ಇಲ್ಲ. 1970ರಲ್ಲಿ ನಾಲ್ಕನೇ ಸ್ಥಾನ, ಆಮೇಲೆ ದೀರ್ಘ ಬರಗಾಲ. 1973ರಿಂದ ದೇಶದಲ್ಲಿ ಮಿಲಿಟರಿ ಆಡಳಿತ ಬೇರೆ. 1978, 1982, 1994, 1998 ಈ ನಾಲ್ಕು ವಿಶ್ವಕಪ್‌ಗಳಲ್ಲಿ ಉರುಗ್ವೆ ಇಲ್ಲ. ನಡುವೆ 1983, 1987, 1995ರಲ್ಲಿ ಕೋಪಾ ಗೆದ್ದದ್ದು ನಿಜ, ಫ್ರಾನ್ಸೆಸ್ಕೋಲಿಯಂಥ ಆಟಗಾರ ಇದ್ದದ್ದೂ ನಿಜ. ಆದರೆ ವಿಶ್ವಕಪ್‌ಗೆ ಬೇಕಾದ ತಯಾರಿಯೇ ಇರಲಿಲ್ಲ.

ಇಲ್ಲಿ ಆ ‘ಕೆಚ್ಚು’ ಅನ್ನುವ ಪದಕ್ಕೆ ಬರುತ್ತೇನೆ. ಅಲ್ಲಿನವರು ಇದನ್ನು ‘ಗಾರ್ರಾ ಚರ್ರುವಾ’ ಅನ್ನುತ್ತಾರೆ. ಚರ್ರುವಾ ಅಂದರೆ ಆ ನೆಲದ ಮೂಲ ನಿವಾಸಿಗಳು. ಅವರಿಗೆ ಏನಾಯಿತು ಗೊತ್ತಾ? 1831ರಲ್ಲಿ ಸಾಲ್ಸಿಪ್ವೆದೆಸ್ ಅನ್ನುವಲ್ಲಿ ಹೊಸದಾಗಿ ಹುಟ್ಟಿದ ಉರುಗ್ವೆ ಸರ್ಕಾರದ ಸೇನೆಯೇ ಅವರನ್ನು ಕೊಂದುಹಾಕಿತು. ಉಳಿದವರಲ್ಲಿ ನಾಲ್ವರನ್ನು 1833ರಲ್ಲಿ ಪ್ಯಾರಿಸ್‌ಗೆ ಒಯ್ದು ಪ್ರದರ್ಶನಕ್ಕಿಟ್ಟರು. ಹೀಗೆ ಇಲ್ಲವಾಗಿಸಿದ ಜನರ ಹೆಸರನ್ನು ಫುಟ್‌ಬಾಲಿನ ಹೆಮ್ಮೆಗೆ ಇಟ್ಟುಕೊಂಡಿದ್ದಾರೆ. ಅದಲ್ಲದೆ ಗ್ರಾದಿನ್, ಅಂದ್ರಾದೆ, ವರೇಲಾ ಎಲ್ಲರೂ ಆಫ್ರಿಕಾ ಮೂಲದ ಮನೆತನಗಳಿಂದ ಬಂದವರು, ಕಲಿತು ಪಳಗಿದ ಆಟಗಾರರು. ಅವರ ಜಾಣತನವನ್ನೆಲ್ಲ ‘ಕೆಚ್ಚು’ ಅಂತ ಒಂದೇ ಪದದಲ್ಲಿ ಕಟ್ಟಿಡುವುದು ನನಗೆ ಸರಿ ಕಾಣುವುದಿಲ್ಲ. ಈ ಪದದಿಂದ ಆಟಕ್ಕೂ ಪೆಟ್ಟು ಬಿತ್ತು. ಕೆಚ್ಚು ಅಂದರೆ ಎದುರಾಳಿಯನ್ನು ಒದೆಯುವುದು ಅಂತ ಆಗಿಬಿಟ್ಟಿದ್ದ ಕಾಲವೊಂದಿತ್ತು. 1986ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ಎದುರು 6-1 ಸೋತರು, ಮುಂದಿನ ಪಂದ್ಯದಲ್ಲಿ ಸ್ಕಾಟ್ಲೆಂಡ್ ಎದುರು ಹೊಸೆ ಬಾಟಿಸ್ಟಾ ಒಂದು ನಿಮಿಷವೂ ತುಂಬುವ ಮೊದಲೇ ರೆಡ್ ಕಾರ್ಡ್ ತಗೊಂಡು ಹೊರನಡೆದರು.

ಇದನ್ನೆಲ್ಲ ಬದಲಾಯಿಸಿದವರು ಒಬ್ಬ ಶಾಲಾ ಮೇಷ್ಟ್ರು. ನಿಜವಾಗಿಯೂ ಮೇಷ್ಟ್ರು. ಓಸ್ಕರ್ ತಬಾರೆಸ್ ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು, ಅದಕ್ಕೇ ಅವರನ್ನು ‘ಎಲ್ ಮಾಯೆಸ್ತ್ರೊ’ ಅಂತ ಕರೆಯುವುದು. 2005ರ ಕೊನೆಗೆ ಆಸ್ಟ್ರೇಲಿಯ ಎದುರು ಪೆನಾಲ್ಟಿಯಲ್ಲಿ ಸೋತು ಮತ್ತೆ ವಿಶ್ವಕಪ್ ತಪ್ಪಿತ್ತು. 2006ರಲ್ಲಿ ಅವರು ಎರಡನೇ ಸಲ ಕೋಚ್ ಆದರು. ಬಂದವರು ಹಿರಿಯರ ತಂಡವನ್ನಷ್ಟೇ ಕೈಗೆ ತಗೊಳ್ಳಲಿಲ್ಲ, ಕಿರಿಯರ ತಂಡಗಳನ್ನೂ ಅದೇ ಯೋಜನೆಗೆ ತಂದರು. ಎಲ್ಲ ವಯಸ್ಸಿನವರಿಗೂ ಒಂದೇ ರೀತಿಯ ಆಟ, ಒಂದೇ ಕಡೆ ತರಬೇತಿ. ಮೈದಾನದ ಆಚೆ ಹೇಗೆ ನಡೆದುಕೊಳ್ಳಬೇಕು ಅನ್ನುವುದೂ ಪಾಠದಲ್ಲಿತ್ತು. 2011ರಲ್ಲಿ 17ರ ಒಳಗಿನವರು ವಿಶ್ವಕಪ್ ಫೈನಲ್ ಆಡಿದರು, 2013ರಲ್ಲಿ 20ರ ಒಳಗಿನವರು. ಎರಡರಲ್ಲೂ ಸೋತರು, ಆದರೆ ಆ ಹುಡುಗರಲ್ಲಿ ಹಲವರು ಮುಂದೆ ಹಿರಿಯರ ತಂಡಕ್ಕೆ ಬಂದರು.

2010ರ ವಿಶ್ವಕಪ್‌ನ ಘಾನಾ ಪಂದ್ಯವನ್ನು ನಾನು ನಡುರಾತ್ರಿ ಎದ್ದು ಕೂತು ನೋಡಿದ್ದೆ. ಹೆಚ್ಚುವರಿ ಆಟದ ಕೊನೇ ಗಳಿಗೆ, ಗೋಲಿನ ಗೆರೆ ಮೇಲೆ ಉರುಗ್ವೆಯ ಸುವಾರೆಸ್ ಕೈಯಿಂದ ಚೆಂಡು ತಡೆದರು. ರೆಡ್ ಕಾರ್ಡ್, ಪೆನಾಲ್ಟಿ. ಘಾನಾದ ಜ್ಯಾನ್ ಒದ್ದ ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಮೇಲೆ ಹಾರಿತು. ಕೊನೆಗೆ ಶೂಟೌಟ್‌ನಲ್ಲಿ ಅಬ್ರೆಯು ಮೆಲ್ಲಗೆ ಎತ್ತಿ ಹಾಕಿದ ಚೆಂಡಿಗೆ ಉರುಗ್ವೆ ಸೆಮಿಫೈನಲ್‌ಗೆ ಹೋಯಿತು. ಘಾನಾದವರ ಮುಖ ನೋಡಿ ನನಗೆ ಖುಷಿಪಡೋಕೆ ಆಗಲಿಲ್ಲ. ನಿಯಮದ ಪ್ರಕಾರ ಶಿಕ್ಷೆ ಆಯಿತು, ಆದರೂ ಮನಸ್ಸಿಗೆ ಸಮಾಧಾನವಿಲ್ಲ, ಇವತ್ತಿಗೂ ಇಲ್ಲ. ಆದರೆ ಅವತ್ತಿನ ಆ ಒಂದು ಕೈ ನೆನಪಿಟ್ಟುಕೊಂಡವರು ಆ ಟೂರ್ನಿಯ ಫೋರ್ಲಾನ್ ಆಟ ಮರೆಯಬಾರದು. ಐದು ಗೋಲು, ಟೂರ್ನಿಯ ಅತ್ಯುತ್ತಮ ಆಟಗಾರ ಅಂತ ಗೋಲ್ಡನ್ ಬಾಲ್. ಮರುವರ್ಷ ಅರ್ಜೆಂಟೀನಾದಲ್ಲಿ ಪರಾಗ್ವೆಯನ್ನು 3-0 ಸೋಲಿಸಿ ಹದಿನೈದನೇ ಕೋಪಾ ಗೆದ್ದರು, ಎರಡು ಗೋಲು ಫೋರ್ಲಾನ್ ಅವರದ್ದೇ. ಅವರ ತಂದೆ ಪಾಬ್ಲೊ 1967ರಲ್ಲಿ ಅದೇ ಕಪ್ ಗೆದ್ದ ತಂಡದಲ್ಲಿದ್ದರು, ಆ ತಂಡದ ಕೋಚ್ ಆಗಿದ್ದವರು ಫೋರ್ಲಾನ್ ಅವರ ತಾಯಿಯ ತಂದೆ ಹುವಾನ್ ಕಾರ್ಲೋಸ್ ಕೊರಾಸೊ!

2018ರ ವಿಶ್ವಕಪ್‌ನ ಒಂದು ದೃಶ್ಯ ನನ್ನ ಕಣ್ಣಲ್ಲಿ ಹಾಗೇ ಇದೆ. ನರಗಳ ಕಾಯಿಲೆಯಿಂದ ತಬಾರೆಸ್‌ಗೆ ನಡೆಯೋಕೆ ಊರುಗೋಲು ಬೇಕಾಗಿತ್ತು. ಈಜಿಪ್ಟ್ ಎದುರು 89ನೇ ನಿಮಿಷದಲ್ಲಿ ಹಿಮೆನೆಸ್ ತಲೆಯಿಂದ ಗೋಲು ಹೊಡೆದಾಗ 71 ವರ್ಷದ ಮೇಷ್ಟ್ರು ಊರುಗೋಲು ಹಿಡಿದು ಎದ್ದು ನಿಂತರು. ಹಿಮೆನೆಸ್ 2013ರ ಆ 20ರ ಒಳಗಿನ ತಂಡದ ಹುಡುಗ. ತಂಡ ಕ್ವಾರ್ಟರ್‌ಫೈನಲ್‌ವರೆಗೂ ಹೋಯಿತು.

2021ರಲ್ಲಿ ಸತತ ನಾಲ್ಕು ಸೋಲಿನ ನಂತರ ತಬಾರೆಸ್ ಅವರನ್ನು ತೆಗೆದರು. 2022ರಲ್ಲಿ ತಂಡ ಗುಂಪಿನ ಹಂತದಲ್ಲೇ ಹೊರಬಿತ್ತು. 2023ರಲ್ಲಿ ಅರ್ಜೆಂಟೀನಾದ ಮಾರ್ಸೆಲೊ ಬಿಯೆಲ್ಸಾ ಕೋಚ್ ಆಗಿ ಬಂದರು, ಅದೇ ವರ್ಷ ಬ್ರೆಜಿಲನ್ನು ಮೊಂಟೆವಿಡಿಯೊದಲ್ಲಿ 2-0, ಅರ್ಜೆಂಟೀನಾವನ್ನು ಬ್ಯೂನಸ್ ಐರಿಸ್‌ನಲ್ಲೇ 2-0 ಸೋಲಿಸಿದರು. 2024ರ ಕೋಪಾದಲ್ಲಿ ಮೂರನೇ ಸ್ಥಾನ. ಒಂದೇ ಊರು ಸಾಲ್ತೊದಲ್ಲಿ, ಒಂದೇ ವರ್ಷ 1987ರಲ್ಲಿ ಹುಟ್ಟಿದ ಸುವಾರೆಸ್ ಮತ್ತು ಕವಾನಿ ಅದೇ 2024ರಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದರು. ಒಬ್ಬರದ್ದು 69 ಗೋಲು, ಇನ್ನೊಬ್ಬರದ್ದು 58. ಇಬ್ಬರೂ ಹೋದರೂ ತಂಡ 2026ರ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಬಿಯೆಲ್ಸಾ ಬಂದ 2023ರಲ್ಲೇ 20ರ ಒಳಗಿನವರು ಇಟಲಿಯನ್ನು 1-0 ಸೋಲಿಸಿ ವಿಶ್ವ ಚಾಂಪಿಯನ್ನರಾಗಿದ್ದರು.

ಈ ಹುಡುಗರು ಎಲ್ಲಿಂದ ಬರುತ್ತಾರೆ ಅಂದರೆ, ಅಲ್ಲಿ ‘ಬೇಬಿ ಫುಟ್‌ಬಾಲ್’ ಅಂತ ಒಂದಿದೆ. ಆರೇಳು ವರ್ಷದಿಂದ ಹದಿಮೂರರವರೆಗಿನ ಮಕ್ಕಳಿಗೆ ಚಿಕ್ಕ ಮೈದಾನ, ಚಿಕ್ಕ ಗೋಲು, ಬಡಾವಣೆಗೊಂದು ಕ್ಲಬ್ಬು. ಅಂಗಿ ಒಗೆಯುವುದು, ಗೆರೆ ಎಳೆಯುವುದು, ತರಬೇತಿ ಕೊಡುವುದು, ಇದನ್ನೆಲ್ಲ ಬಹುಪಾಲು ಅಪ್ಪ ಅಮ್ಮಂದಿರು, ಅಕ್ಕಪಕ್ಕದವರೇ ಸೇರಿ ನಡೆಸುತ್ತಾರೆ. ನಿಮ್ಮ ಬರಹದಲ್ಲಿ ಇವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದಿನ ಸಲ ಉರುಗ್ವೆ ಬಗ್ಗೆ ಬರೆಸುವಾಗ ದಯವಿಟ್ಟು ಅರ್ಧ ಕಾಲಮ್ಮಾದರೂ ಇವರಿಗೆ ಕೊಡಿ.

ಇಂತಿ,
ನಿಮ್ಮ ಕ್ರೀಡಾ ಪುಟದ ಹಳೆಯ ಓದುಗ