ಕಾಮೆಂಟ್ ಮುಚ್ಚಿದರೆ ಸಾಲದು

ಮಾನ್ಯರೇ,

ಕೊರಿಯಾದ ತಾರೆಯರ ಆತ್ಮಹತ್ಯೆಯ ಸುದ್ದಿ ಬಂದಾಗಲೆಲ್ಲ ‘ಟ್ರೋಲ್ ಕಾಟ’ ಎಂದಷ್ಟೇ ಬರೆದು ನಮ್ಮ ಮಾಧ್ಯಮಗಳು ಕೈತೊಳೆದುಕೊಳ್ಳುತ್ತವೆ. 2019ರ ಅಕ್ಟೋಬರ್‌ನಲ್ಲಿ ಗಾಯಕಿ ಸುಲ್ಲಿ ತೀರಿಕೊಂಡ ಬಳಿಕ ಅಲ್ಲಿನ ಸುದ್ದಿ ಜಾಲತಾಣ ಡೌಮ್, 2020ರ ಮಾರ್ಚ್‌ನಲ್ಲಿ ಇನ್ನೊಂದು ಜಾಲತಾಣ ನೇವರ್ ಮನರಂಜನಾ ಸುದ್ದಿಗಳಿಗೆ ಕಾಮೆಂಟ್ ಹಾಕುವುದನ್ನೇ ನಿಲ್ಲಿಸಿದವು. ಬೈಗುಳ ನಿಲ್ಲಲಿಲ್ಲ, ಯೂಟ್ಯೂಬ್‌ಗೆ ಗುಳೆ ಹೋಯಿತು. ಅಲ್ಲಿ ಗಾಯಕಿ ಜಾಂಗ್ ವೊನ್‌ಯಂಗ್ ಬಗ್ಗೆ ವದಂತಿ ಹರಡುತ್ತಿದ್ದ ಖಾತೆದಾರ ಯಾರೆಂದು ತಿಳಿಯಲು ಅವರ ಏಜೆನ್ಸಿ (ಕಲಾವಿದರನ್ನು ನಿರ್ವಹಿಸುವ ಕಂಪನಿ) ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಟ್ರೋಲ್‌ಗಳಿಗೆ ಸರಕು ಒದಗಿಸುವವರು ಬೇರೆಯೇ ಇದ್ದಾರೆ. ‘ಪ್ಯಾರಾಸೈಟ್’ ಸಿನಿಮಾದ ನಟ ಲೀ ಸನ್-ಕ್ಯುನ್ ಪ್ರಕರಣ ನೋಡಿ. ಮಾದಕವಸ್ತು ಪರೀಕ್ಷೆಗಳಲ್ಲಿ ಏನೂ ಸಿಗದಿದ್ದರೂ 2023ರಲ್ಲಿ ಪೊಲೀಸರು ಮೂರು ಸಲ ಕರೆಸಿದರು. ಪ್ರತಿ ಸಲವೂ ಬಾಗಿಲಲ್ಲಿ ಕ್ಯಾಮೆರಾಗಳ ಸಾಲು. ಮೂರನೆಯ ಸಲ ಗುಟ್ಟಾಗಿ ಬರುತ್ತೇನೆಂದರೂ ಒಪ್ಪಲಿಲ್ಲ. ವಿಚಾರಣೆ ಸುಮಾರು 19 ಗಂಟೆ ನಡೆಯಿತು. ಅದಕ್ಕೂ ಮೊದಲೇ ಅವರ ಖಾಸಗಿ ಫೋನ್ ಮಾತು ಸಾರ್ವಜನಿಕ ವಾಹಿನಿ ಕೆಬಿಎಸ್‌ನಲ್ಲೇ ಪ್ರಸಾರವಾಗಿತ್ತು. ಡಿಸೆಂಬರ್ 27ರಂದು ಅವರು ತೀರಿಕೊಂಡರು. ತನಿಖೆಯ ಮಾಹಿತಿ ಸೋರಿಕೆಗೆ ಪೊಲೀಸರು, ಪ್ರಸಾರಕ್ಕೆ ಪತ್ರಕರ್ತರು ಉತ್ತರ ಕೊಡಬೇಕಲ್ಲವೇ?

ನಮ್ಮಲ್ಲಿನ ಕೆ-ಪಾಪ್ (ಕೊರಿಯಾದ ಪಾಪ್ ಸಂಗೀತ) ಅಭಿಮಾನಿಗಳಿಗೂ ಒಂದು ಮಾತು. ಖಂಡಿಸುವ ಭರದಲ್ಲಿ ತಾರೆಯರನ್ನು ನಿಂದಿಸುವ ವಿಡಿಯೊ ಹಂಚಿದರೆ ವೀಕ್ಷಣೆ ಏರುತ್ತದೆ, ಜಾಹೀರಾತಿನ ದುಡ್ಡು ಅದನ್ನು ಹಾಕಿದವನಿಗೇ ಸೇರುತ್ತದೆ. ಲಿಂಕ್, ಖಾತೆಯ ಹೆಸರು, ದಿನಾಂಕ ಕಾಣುವಂತೆ ಮೊದಲು ಸ್ಕ್ರೀನ್‌ಶಾಟ್ ತೆಗೆದು ಏಜೆನ್ಸಿಯ ದೂರು ವಿಳಾಸಕ್ಕೆ ಕಳಿಸಿ, ಆಮೇಲೆ ರಿಪೋರ್ಟ್ ಮಾಡಿ. ಪೋಸ್ಟ್ ಅಳಿಸಿಹೋದ ಮೇಲೆ ಸಾಕ್ಷ್ಯ ಹುಡುಕುವುದು ಕಷ್ಟ.

ಪತ್ರಿಕೆಗಳು ಇಂಥ ಸಾವಿನ ವರದಿಯಲ್ಲಿ ವಿಧಾನ, ಕೊನೆಯ ಪತ್ರದ ಸಾಲುಗಳನ್ನು ಬಿಟ್ಟು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಅನ್ನು ಕಡ್ಡಾಯವಾಗಿ ಮುದ್ರಿಸಲಿ.

– ಒಬ್ಬ ಓದುಗ, ಮೈಸೂರು